ಹೆಸರು ಸರಿ ಮಾಡಿಸೋಕೆ ಗೆಜೆಟ್ ಬೇಕೇ ಬೇಕಾ?

ಪ್ರಶ್ನೆ: ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರು 'ಸವಿತಾ ಬಿ.' ಅಂತಿದೆ. ಆಧಾರ್‌ನಲ್ಲಿ 'ಸವಿತಾ ಬಸವರಾಜು'. ಮದುವೆ ಆದ ಮೇಲೆ ಬ್ಯಾಂಕಿನಲ್ಲಿ ಯಜಮಾನರ ಹೆಸರು ಸೇರಿಸಿ 'ಸವಿತಾ ಮಂಜುನಾಥ್' ಮಾಡಿಸಿದ್ದೆ. ಈಗ ಪಾಸ್‌ಪೋರ್ಟ್ ಮಾಡಿಸಬೇಕು. ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿದರೆ ಸಾಕಾ, ಗೆಜೆಟ್ ಬೇಕೇ ಬೇಕಾ?

ಉತ್ತರ: ನಿಮಗೆ ಗೆಜೆಟ್, ಅಂದರೆ ಸರ್ಕಾರದ ರಾಜಪತ್ರದಲ್ಲಿ ಹೆಸರು ಬದಲಾವಣೆ ಪ್ರಕಟಿಸೋ ಗೋಜು, ಬೇಡ. ಯಾಕೆಂದರೆ ನೀವು ಹೆಸರು ಬದಲಾಯಿಸುತ್ತಲೇ ಇಲ್ಲ. ಸವಿತಾ ಅನ್ನೋದು ಎಲ್ಲ ಕಡೆ ಸವಿತಾನೇ, 'ಬಿ' ಅಂದ್ರೆ ಬಸವರಾಜು, ಅಷ್ಟೇ. ಇನಿಶಿಯಲ್ ಬಿಡಿಸಿ ಬರೆಯೋದು ಒಂದು ಕೆಲಸ, ಕಾಗುಣಿತ ತಪ್ಪಿದ್ದನ್ನು ತಿದ್ದಿಸೋದು ಇನ್ನೊಂದು, ಇರೋ ಹೆಸರು ಬಿಟ್ಟು ಬೇರೆ ಹೆಸರು ಇಟ್ಟುಕೊಳ್ಳೋದು ಮತ್ತೊಂದು. ಈ ಮೂರನ್ನೂ ಕಲಸಿ, ಬಂದವರಿಗೆಲ್ಲ 'ಗೆಜೆಟ್ ಮಾಡಿಸಿಬಿಡಿ ಮೇಡಂ, ಸೇಫು' ಅಂತ ಹೇಳೋ ಏಜೆಂಟರು ಪ್ರತಿ ತಾಲ್ಲೂಕು ಕಚೇರಿ ಎದುರಿಗೂ ಇದ್ದಾರೆ. ಗೆಜೆಟ್ ಬೇಕಾಗೋದು ಮೂರನೇ ಕೆಲಸಕ್ಕೆ.

ಈ ಇನಿಶಿಯಲ್ ಕಾಟ ಹೆಚ್ಚಾಗಿ ನಮ್ಮ ಹಳೇ ಮೈಸೂರು ಕಡೆಯವರದು. ಊರಿನ ಹೆಸರು, ಅಪ್ಪನ ಹೆಸರು, ಆಮೇಲೆ ನಮ್ಮ ಹೆಸರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅನ್ನೋದೇ ಕೆ.ವಿ. ಪುಟ್ಟಪ್ಪ ಆಗಿ, ಅದೇ ಕುವೆಂಪು ಆಯಿತು. ಉತ್ತರ ಕರ್ನಾಟಕದ ಕಡೆ ಪಾಟೀಲ, ಹಿರೇಮಠ ಅಂತ ಅಡ್ಡಹೆಸರು ಇರೋದರಿಂದ ಅರ್ಜಿಯಲ್ಲಿ 'ಸರ್‌ನೇಮ್' ಅನ್ನೋ ಖಾನೆ ತುಂಬೋಕೆ ಅವರು ಒದ್ದಾಡೋದು ಕಮ್ಮಿ. ನಾವು ಅಲ್ಲಿಗೆ ಬಂದ ತಕ್ಷಣ ಪೆನ್ನು ನಿಲ್ಲಿಸಿ ಪಕ್ಕದವರ ಮುಖ ನೋಡ್ತೀವಿ, ಅಲ್ವಾ?

ಆ ಖಾನೆಯನ್ನು ಖಾಲಿ ಮಾತ್ರ ಬಿಡಬೇಡಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಇದ್ದ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್ಎನ್‌ಯು' ಅಂತ ಬೀಳುತ್ತದೆ. ಫಸ್ಟ್ ನೇಮ್ ಅನ್‌ನೋನ್. ಅಪ್ಪ ಅಮ್ಮ ತೊಟ್ಟಿಲು ಕಟ್ಟಿ ಇಟ್ಟ ಹೆಸರು ಹೋಗಿ ಅಲ್ಲಿ ಆಸ್ಪತ್ರೆಯಲ್ಲೂ ಬ್ಯಾಂಕಲ್ಲೂ 'ಎಫ್ಎನ್‌ಯು' ಅಂತ ಕರೆಸಿಕೊಳ್ಳಬೇಕು. ಯುಎಇ ಕೂಡ 2022ರ ನವೆಂಬರ್‌ನಲ್ಲಿ, ವಿಸಿಟ್ ವೀಸಾದಲ್ಲಿ ಬರೋರ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಬಿಡೋದಿಲ್ಲ ಅಂದಿತ್ತು. ಆಮೇಲೆ ತಂದೆಯ ಹೆಸರೋ ಮನೆತನದ ಹೆಸರೋ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಇದ್ದರೆ ಪರವಾಗಿಲ್ಲ ಅಂತ ಸಡಿಲ ಮಾಡಿದರು.

ಹಾಗಾಗಿ ನಿಮ್ಮ ಕೆಲಸ ಇಷ್ಟು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ಹಾಕಬೇಡಿ, ಬಿಡಿಸಿ ಬರೆಯಿರಿ: ಗಿವನ್ ನೇಮ್ ಸವಿತಾ, ಸರ್‌ನೇಮ್ ಬಸವರಾಜು. ಅಂಕಪಟ್ಟಿಯ 'ಬಿ' ಬಗ್ಗೆ ಯಾರಾದರೂ ಕೇಳಿದರೆ ತೋರಿಸೋಕೆ, 'ಸವಿತಾ ಬಿ. ಮತ್ತು ಸವಿತಾ ಬಸವರಾಜು ಇಬ್ಬರೂ ಒಬ್ಬರೇ, ಅದು ನಾನೇ' ಅಂತ ಒಂದು ಅಫಿಡವಿಟ್ ಇಟ್ಟುಕೊಳ್ಳಿ. ನೀವು ಕೇಳಿದ ನೋಟರಿ ಅಫಿಡವಿಟ್ಟಿಗೆ ಇರೋ ಬೆಲೆ ಇದು. ಅದರಿಂದ ಹೊಸ ಹೆಸರು ಹುಟ್ಟೋದಿಲ್ಲ, ಎರಡು ಹೆಸರು ಒಬ್ಬರದೇ ಅಂತ ನೀವು ಪ್ರಮಾಣ ಮಾಡಿ ಹೇಳಿದ ಹಾಗೆ ಆಗುತ್ತದೆ.

ಮದುವೆ ಆದ ಮೇಲೆ ಗಂಡನ ಹೆಸರು ಸೇರಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ. ಸೇರಿಸಬೇಕು ಅನಿಸಿದರೆ ಮದುವೆ ನೋಂದಣಿ ಪತ್ರ ಸಾಕು, ಅದಕ್ಕೂ ಗೆಜೆಟ್ ಬೇಡ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅಲೆಯದೆ ಹಿಂದೂ ವಿವಾಹ ನೋಂದಣಿಯನ್ನು ಈಗ ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಆನ್‌ಲೈನ್‌ನಲ್ಲೇ ಮಾಡಿಸಬಹುದು. ನನ್ನನ್ನು ಕೇಳಿದರೆ, ಓದಿನ ದಾಖಲೆಯಲ್ಲಿ ಒಂದು ಹೆಸರು, ಬೇರೆ ಕಡೆ ಇನ್ನೊಂದು ಇಟ್ಟುಕೊಂಡು ಜೀವನಪೂರ್ತಿ ವಿವರಣೆ ಕೊಡ್ತಾ ಕೂರೋದಕ್ಕಿಂತ ಇದ್ದ ಹೆಸರಲ್ಲೇ ಇರೋದು ಸುಖ.

ಇನ್ನು ನಿಜವಾಗಿ ಹೆಸರೇ ಬದಲಾಯಿಸಬೇಕು ಅನ್ನೋರ ವಿಷಯ. ಅದು ನನ್ನದೇ ಕಥೆ. ಮನೆಯಲ್ಲಿ ಇಟ್ಟ ಹೆಸರು ಒಂದು, ಶಾಲೆಗೆ ಸೇರಿಸುವಾಗ ಸೋದರಮಾವ ಬರೆಸಿದ್ದು ಇನ್ನೊಂದು. ಶಾಲೆಯ ಹೆಸರಲ್ಲಿ ಯಾರಾದರೂ ಕೂಗಿದರೆ ನಾನು ತಿರುಗಿಯೂ ನೋಡ್ತಿರಲಿಲ್ಲ. 2018ರಲ್ಲಿ ಮನಸ್ಸು ಮಾಡಿ ಹೊರಟೆ.

ಮೊದಲು ಅಫಿಡವಿಟ್. ಛಾಪಾ ಕಾಗದ ಅಂತ ಬಾಯಲ್ಲಿ ಹೇಳ್ತೀವಿ, ಆದರೆ ಸಿಗೋದು ಇ-ಸ್ಟ್ಯಾಂಪ್. ನಾನು ಮಾಡಿಸಿದಾಗ ಸೌಹಾರ್ದ ಸಹಕಾರಿ ಸೊಸೈಟಿಗಳಲ್ಲಿ ಕೊಡ್ತಿದ್ದರು. ಆಗ 20 ರೂಪಾಯಿ ಇತ್ತು, ಈಗ ಅಫಿಡವಿಟ್ಟಿಗೆ 100 ರೂಪಾಯಿ. ಹಳೆ ಹೆಸರು, ಹೊಸ ಹೆಸರು, ತಂದೆ ಹೆಸರು, ವಿಳಾಸ, ಯಾಕೆ ಬದಲಾವಣೆ ಅನ್ನೋದನ್ನು ಬರೆದು ನೋಟರಿ ಎದುರು ಸಹಿ. ಕೇಂದ್ರ ಸರ್ಕಾರಿ ನೌಕರರು ಅಫಿಡವಿಟ್ ಬದಲು ಡೀಡ್, ಅಂದರೆ ಹೆಸರು ಬದಲಾವಣೆಯ ಕರಾರು ಪತ್ರ, ಮಾಡಿಸಬೇಕು, ಅವರ ದಾರಿ ಸ್ವಲ್ಪ ಬೇರೆ.

ಎರಡನೆಯದು ಪತ್ರಿಕೆ ಜಾಹೀರಾತು, ಒಂದು ಕನ್ನಡ ಪತ್ರಿಕೆಯಲ್ಲಿ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ. 'ಇದುವರೆಗೆ ಇಂಥ ಹೆಸರಿನಿಂದ ಕರೆಯಲ್ಪಡುತ್ತಿದ್ದ ನಾನು ಇನ್ನು ಮುಂದೆ ಇಂಥ ಹೆಸರಿನಿಂದ ಕರೆಯಲ್ಪಡುತ್ತೇನೆ' ಅಂತ ಬೆರಳಗಲದ ನಾಲ್ಕು ಸಾಲು, ಕೆಳಗೆ ಅಫಿಡವಿಟ್ಟಿನ ದಿನಾಂಕ. ನನ್ನದು 'ಕಳೆದಿದೆ' ಮತ್ತು 'ವಧು ಬೇಕಾಗಿದೆ' ಮಧ್ಯೆ ಅಚ್ಚಾಗಿತ್ತು. ಜಾಹೀರಾತು ಬಂದ ದಿನ ಬೆಳಿಗ್ಗೆಯೇ ಹೋಗಿ ಐದಾರು ಪ್ರತಿ ತಂದಿಟ್ಟುಕೊಳ್ಳಿ. ಇಡೀ ಪುಟ ಬೇಕು. ಕತ್ತರಿಸಿದ ಚೂರು ತಂದರೆ ಪತ್ರಿಕೆ ಯಾವುದು, ದಿನಾಂಕ ಯಾವುದು ಅಂತಲೇ ಗೊತ್ತಾಗೋದಿಲ್ಲ. ಮಾರನೇ ದಿನ ಅಂಗಡಿಗೆ ಹೋದರೆ ಅದೇ ಪುಟದಲ್ಲಿ ಬೋಂಡಾ ಕಟ್ಟಿ ಕೊಡ್ತಾರೆ.

ಮೂರನೆಯದು ಭಾರತದ ಗೆಜೆಟ್, ಅಂದರೆ ರಾಜಪತ್ರ. ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಪ್ರಕಟಣಾ ಇಲಾಖೆಗೆ ಕಳಿಸಬೇಕು. ಕೋರಿಕೆ ಪತ್ರ, ಅಫಿಡವಿಟ್, ಜಾಹೀರಾತಿನ ಮೂಲ ಪ್ರತಿ, ಇಬ್ಬರು ಸಾಕ್ಷಿಗಳು ಸಹಿ ಹಾಕಿದ ನಿಗದಿತ ನಮೂನೆ, ಫೋಟೋ, ಗುರುತಿನ ಚೀಟಿ, ಶುಲ್ಕ. ನಾನು ಕಳಿಸಿದಾಗ ಅದೇ ನಮೂನೆಯನ್ನು ವರ್ಡ್ ಫೈಲ್ ಮಾಡಿ ಸಿ.ಡಿ.ಯಲ್ಲಿ ಹಾಕಬೇಕಿತ್ತು, ಜೊತೆಗೆ 'ಕಾಗದದಲ್ಲಿ ಇರೋದೂ ಸಿ.ಡಿ.ಯಲ್ಲಿ ಇರೋದೂ ಒಂದೇ' ಅಂತ ಒಂದು ಚೀಟಿ ಬೇರೆ. ಸಿ.ಡಿ. ಬರೆಯೋ ಕಂಪ್ಯೂಟರ್ ಹುಡುಕೋಕೇ ಒಂದು ದಿನ ಹೋಯಿತು. ಶುಲ್ಕ ಎಷ್ಟು ಅನ್ನೋದನ್ನು ಕಳಿಸೋ ದಿನ ಇಲಾಖೆಯ ವೆಬ್‌ಸೈಟಿನಲ್ಲೇ ನೋಡಿ, ಏಜೆಂಟರ ಬಾಯಲ್ಲಿ ಕೇಳಬೇಡಿ.

ನನ್ನ ಅರ್ಜಿ ವಾಪಸ್ ಬಂತು. ಕಾರಣ ಒಂದೇ ಅಕ್ಷರ. ಅಫಿಡವಿಟ್ಟಿನಲ್ಲಿ ಹೊಸ ಹೆಸರಿನ 'ತ'ಗೆ ಟೈಪಿಸ್ಟ್ ಟಿ-ಎಚ್ ಹಾಕಿದ್ದ, ನಾನು ನಮೂನೆಯಲ್ಲಿ ಬರೀ ಟಿ ಹಾಕಿದ್ದೆ. ಕನ್ನಡದಲ್ಲಿ ಎರಡೂ ಒಂದೇ ಹೆಸರು, ಒಂದೇ ಉಚ್ಚಾರ. ದೆಹಲಿಯವರಿಗೆ ಅದು ಇಬ್ಬರು ಬೇರೆ ಬೇರೆ ಮನುಷ್ಯರು. ಮತ್ತೆ ಅಫಿಡವಿಟ್, ಮತ್ತೆ ಜಾಹೀರಾತು, ಎರಡು ತಿಂಗಳು ನೀರಲ್ಲಿ ಹೋಮ. ಸಹಿ ಹಾಕೋ ಮುಂಚೆ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿ. ಗೀತಾ, ಲತಾ, ಸವಿತಾ, ಲಕ್ಷ್ಮಿ, ಈ ಹೆಸರಿನವರಂತೂ ಎರಡೆರಡು ಸಲ ಓದಿ.

ಒಪ್ಪಿಗೆಯಾದರೆ ಗೆಜೆಟ್ಟಿನ 4ನೇ ಭಾಗದಲ್ಲಿ ಬರುತ್ತದೆ. 2015ರ ಅಕ್ಟೋಬರ್‌ನಿಂದ ಅಚ್ಚು ಹಾಕೋದು ನಿಂತಿದೆ, ಇ-ಗೆಜೆಟ್ ವೆಬ್‌ಸೈಟಿನಿಂದ ಪಿಡಿಎಫ್ ಇಳಿಸಿಕೊಳ್ಳಬೇಕು. ಅಲ್ಲಿ ಒಂದು ತಮಾಷೆ ಇದೆ. ಆ ಭಾಗದ ತಲೆಯಲ್ಲೇ, ಈ ಪ್ರಕಟಣೆಗಳಿಗೆ ಯಾವ ಕಾನೂನು ಹೊಣೆಯೂ ನಮ್ಮದಲ್ಲ, ಕೊಟ್ಟವರೇ ಜವಾಬ್ದಾರರು ಅಂತ ಬರೆದಿರುತ್ತಾರೆ. ಅಂದರೆ ಸರ್ಕಾರ ನಿಮಗೆ ಹೊಸ ಹೆಸರು 'ಮಂಜೂರು' ಮಾಡೋದಿಲ್ಲ. ನಮ್ಮಲ್ಲಿ ಹೆಸರು ಬದಲಾವಣೆಗೇ ಅಂತ ಒಂದು ಪ್ರತ್ಯೇಕ ಕಾಯ್ದೆಯೂ ಇಲ್ಲ. ಹೆಸರು ಬದಲಾಯಿಸಿಕೊಳ್ಳೋರು ನೀವು, ಗೆಜೆಟ್ ಅದನ್ನು ನಾಲ್ಕು ಜನರಿಗೆ ಸಾರಿ ಹೇಳೋ ಡಂಗುರ. ಆದರೆ ಆ ಡಂಗುರದ ಪುಟ ಕೈಯಲ್ಲಿದ್ದರೆ ಕೌಂಟರಿನಲ್ಲಿ ಕೂತವರು ಮಾತಾಡದೆ ಕೆಲಸ ಮಾಡಿಕೊಡ್ತಾರೆ, ಅದೂ ನಿಜ.

ಅಂಕಪಟ್ಟಿಯದು ಬೇರೆಯದೇ ರಗಳೆ. ಬೋರ್ಡುಗಳು ವರ್ಷಗಟ್ಟಲೆ 'ಆಗಲ್ಲ' ಅಂತಲೇ ಹೇಳ್ತಿದ್ದವು. 2021ರ ಜೂನ್‌ನಲ್ಲಿ ಸಿಬಿಎಸ್‌ಇ ವಿರುದ್ಧದ ಜಿಗ್ಯಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೆಸರು ಅನ್ನೋದು ಮನುಷ್ಯ ತನ್ನನ್ನು ಹೇಳಿಕೊಳ್ಳೋ ರೀತಿ, ಅದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಅಂತ ಹೇಳಿತು. ಹಳೆ ಹೆಸರು ಅಳಿಸದೆ ಹೊಸದನ್ನೂ ಸೇರಿಸಿ ಪ್ರಮಾಣಪತ್ರ ಕೊಡಬಹುದು ಅನ್ನೋ ದಾರಿಯನ್ನೂ ತೋರಿಸಿತು. ಮಕ್ಕಳ ಜನನ ಪ್ರಮಾಣಪತ್ರದ ಬಗ್ಗೆ ನಮ್ಮ ಹೈಕೋರ್ಟ್ 2025ರಲ್ಲಿ ಹೆಚ್ಚುಕಮ್ಮಿ ಅದೇ ದಾರಿ ಹಿಡಿಯಿತು. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಹೆಸರು ಬದಲಾಯಿಸೋಕೆ ಜಾಗವೇ ಇಲ್ಲ, ಕಾನೂನು ತಿದ್ದುಪಡಿ ಆಗೋವರೆಗೆ ತಂದೆ ತಾಯಿ ಕೇಳಿದರೆ ಪರಿಶೀಲಿಸಿ ಬದಲಾಯಿಸಿ, ಬದಲಾದದ್ದನ್ನು ದಾಖಲೆಯಲ್ಲಿ ನಮೂದಿಸಿ ಅಂತ. ಜಾತಕ ನೋಡಿ ಆಮೇಲೆ ಹೆಸರು ಬದಲಾಯಿಸೋ ಅಪ್ಪ ಅಮ್ಮಂದಿರು ನಮ್ಮಲ್ಲಿ ಕಮ್ಮಿಯೇನಿಲ್ಲವಲ್ಲ. ಮಗು ಶಾಲೆಗೆ ಸೇರೋ ಮುಂಚೆ ಮುಗಿಸಿಕೊಂಡರೆ ಅರ್ಧ ತಲೆನೋವು ಕಮ್ಮಿ.

'ಹೆಸರಿನ ಮುಂದೆ ಬಿರುದು ಸೇರಿಸಬಹುದಾ' ಅಂತಲೂ ಸುಮಾರು ಜನ ಕೇಳ್ತಾರೆ. ಶ್ರೀಮತಿ, ಕುಮಾರಿ ಇವಕ್ಕೆಲ್ಲ ಯಾವ ಕಾಗದವೂ ಬೇಡ, ಅವು ಹೆಸರಿನ ಭಾಗವೇ ಅಲ್ಲ. ಪಾಸ್‌ಪೋರ್ಟ್‌ನಲ್ಲಿ 'ಡಾ.' ಕೂಡ ಹಾಕೋ ಹಾಗಿಲ್ಲ, ಕಷ್ಟಪಟ್ಟು ಪಿಎಚ್‌.ಡಿ. ಮಾಡಿದ್ದರೂ ಅಷ್ಟೇ. ಸಂವಿಧಾನದ 18ನೇ ವಿಧಿ, ಸೈನ್ಯದ ಮತ್ತು ವಿದ್ಯೆಯ ಪದವಿ ಬಿಟ್ಟು ಬೇರೆ ಬಿರುದುಗಳನ್ನು ಸರ್ಕಾರ ಕೊಡಬಾರದು ಅನ್ನುತ್ತದೆ. ಹಾಗಾದರೆ ಪದ್ಮ ಪ್ರಶಸ್ತಿ? ಅದು ಬಿರುದಲ್ಲ, ಆದ್ದರಿಂದಲೇ ಹೆಸರಿನ ಹಿಂದೆ ಮುಂದೆ ಅಂಟಿಸಬಾರದು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನಮ್ಮ ಊರಿನ ಫ್ಲೆಕ್ಸ್‌ಗಳಿಗೆ ಆ ತೀರ್ಪು ಇನ್ನೂ ತಲುಪಿಲ್ಲ.

ಗೆಜೆಟ್ ಬಂದ ಮೇಲೆ ಮೊದಲು ಹೋಗಬೇಕಾದ್ದು ಆಧಾರ್‌ಗೆ. ಪ್ಯಾನ್, ಬ್ಯಾಂಕ್, ಪಿಎಫ್ ಎಲ್ಲ ಅದನ್ನೇ ನೋಡಿ ತಾಳೆ ಹಾಕೋದು. ಆಮೇಲೆ ಪ್ಯಾನ್, ಬ್ಯಾಂಕ್, ವೋಟರ್ ಐಡಿ, ಡಿಎಲ್. ಪಾಸ್‌ಪೋರ್ಟ್ ಕೊನೆಗೆ. ಅಲ್ಲಿ ಹಳೇದನ್ನು ತಿದ್ದಿ ಕೊಡೋದಿಲ್ಲ, ರೀ-ಇಶ್ಯೂ ಅಂತ ಹೊಸದೇ ಮಾಡಿಕೊಡ್ತಾರೆ. ಆಧಾರ್‌ನಲ್ಲಿ ಹೆಸರು ತಿದ್ದಿಸೋಕೆ ಜೀವನದಲ್ಲಿ ಎರಡೇ ಅವಕಾಶ. ಸುಮ್ನೆ 'ನೋಡೋಣ' ಅಂತ ಸೈಬರ್ ಸೆಂಟರಿನಲ್ಲಿ ಒಂದು ಅವಕಾಶ ಕಳೆದುಕೊಂಡವರನ್ನು ನೋಡಿದ್ದೇನೆ.

ಸವಿತಾ ಅವರೇ, ನಿಮ್ಮ ಆಧಾರ್ ಸರಿಯಾಗಿದೆ, ಅದನ್ನು ಮುಟ್ಟಬೇಡಿ. ಪ್ಯಾನ್‌ನಲ್ಲಿ ಹೇಗಿದೆ ಅಂತ ನೀವು ಬರೆದಿಲ್ಲ, ಒಮ್ಮೆ ತೆಗೆದು ನೋಡಿ. ಸರಿಯಿದ್ದರೆ ಉಳಿಯೋದು ಬ್ಯಾಂಕ್ ಒಂದೇ. ಆಧಾರ್ ಪ್ರತಿ ತೆಗೆದುಕೊಂಡು ಹೋಗಿ ಕೆವೈಸಿ ಅರ್ಜಿ ಕೊಟ್ಟು ಖಾತೆಯನ್ನು 'ಸವಿತಾ ಬಸವರಾಜು' ಮಾಡಿಸಿಕೊಳ್ಳಿ. ಹೊಸ ಪಾಸ್‌ಬುಕ್ ಕೈಗೆ ಬಂದ ಮೇಲೆ ಪಾಸ್‌ಪೋರ್ಟ್ ಅರ್ಜಿ ಹಾಕಿ.