‘ಅಪ್ಪನ್ನ ಕರ್ಕೊಂಡು ಬಾ’ ಅಂದ್ರೆ ಯಾರನ್ನ ಕರ್ಕೊಂಡು ಹೋಗೋದು?

ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮಕ್ಕಳನ್ನು ಇರಿಸಿಕೊಂಡು ನೋಡಿಕೊಳ್ಳುವ ಬಾಲಮಂದಿರದ ಮಕ್ಕಳ ಜೊತೆ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಈ ಮಕ್ಕಳನ್ನು ಶಾಲೆಯಿಂದ ತೆಗೆದ ಆದೇಶವನ್ನು ನಾನು ಕಾಗದದಲ್ಲಿ ನೋಡಿದ್ದೇ ಇಲ್ಲ. ಒಂದು ಫೋನ್ ಬರುತ್ತದೆ, ಅಷ್ಟೇ. “ಮೇಡಂ, ಇವನ ಟಿಸಿ ತಗೊಂಡು ಹೋಗಿಬಿಡಿ, ಬೇರೆ ಪೋಷಕರು ಗಲಾಟೆ ಮಾಡ್ತಿದಾರೆ.”

ಆ ಫೋನಿಗೆ ಮುಂಚೆಯೇ ಮಗು ಹೊರಗೆ ಬಿದ್ದಿರುತ್ತದೆ. ಆರನೇ ಕ್ಲಾಸಿನ ಒಬ್ಬ ಹುಡುಗ ಶಾಲೆಯಲ್ಲಿ ಕೊಟ್ಟ ಚಿಕ್ಕಿ ತಿನ್ನದೆ ಬ್ಯಾಗಿನ ತಳದಲ್ಲಿ ಕೂಡಿಡುತ್ತಿದ್ದ. ಒಂದು ದಿನ ಪಕ್ಕದವನದ್ದೂ ಅಲ್ಲೇ ಸಿಕ್ಕಿತು. ಯಾರೋ ‘ಕಳ್ಳ’ ಅಂದರು, ಇವನು ಕೈ ಮಾಡಿದ. “ಅಪ್ಪನ್ನ ಕರ್ಕೊಂಡು ಬಂದ್ರೆ ಮಾತ್ರ ಕ್ಲಾಸು” ಎಂದರು ಮೇಷ್ಟ್ರು. ಹುಡುಗ ಮಂದಿರದಲ್ಲಿ ಬಾಯಿ ಬಿಡಲಿಲ್ಲ. ಮೂರು ದಿನ ಯೂನಿಫಾರ್ಮ್ ಹಾಕಿಕೊಂಡು ಹೋದ, ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತ, ಬೆಲ್ ಹೊಡೆದ ಮೇಲೆ ಎಲ್ಲರ ಜೊತೆ ವಾಪಸ್ ಬಂದ.

ಚಿಕ್ಕಿ ಯಾರಿಗೋ ಅಂತ ಕೇಳಿದೆ. “ತಂಗಿಗೆ.” ಅವಳು ಬಾಲಕಿಯರ ಮಂದಿರದಲ್ಲಿದ್ದಳು. ಭೇಟಿ ಯಾವಾಗ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಮೇಷ್ಟ್ರು ಕೆಟ್ಟವರೇನಲ್ಲ. ಬೇರೆ ಮಕ್ಕಳಿಗೆ ಹೇಳುವುದನ್ನೇ ಇವನಿಗೂ ಹೇಳಿದರು. ಮನೆ ಇರುವ ಮಗುವಿಗೆ ಅದು ಒಂದು ದಿನದ ಬೈಗುಳ. ಇವನಿಗೆ ಅದೇ ಶಾಲೆಯ ಬಾಗಿಲು ಮುಚ್ಚಿದ ಹಾಗೆ.

ಕಾನೂನು ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಫೇಲ್ ಮಾಡುವ ವಿಷಯ ಬದಲಿಸಿತೇ ಹೊರತು ಇದನ್ನಲ್ಲ. ಅದಕ್ಕೇ ಯಾರೂ ‘ತೆಗೆದೆವು’ ಅನ್ನುವುದಿಲ್ಲ, ‘ನೀವೇ ತಗೊಂಡು ಹೋಗಿ’ ಅನ್ನುತ್ತಾರೆ. ನಮ್ಮ ಮಂದಿರದವರೂ ಸುಮ್ನೆ ಸಹಿ ಹಾಕಿಬಿಡುತ್ತಾರೆ. ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲಿ. ಟಿಸಿ ಕೇಳಿದರೆ ಕಾರಣವನ್ನು ಬರೆದು ಕೊಡಿ ಅನ್ನಿ, ಸಾಕು. ಅರ್ಧ ಮಾತು ಅಲ್ಲೇ ನಿಲ್ಲುತ್ತದೆ. ಒಂಬತ್ತನೇ ಕ್ಲಾಸಿಗೆ ಹೋದ ಮೇಲೆ ಈ ಸೆಕ್ಷನ್ನಿನ ಆಸರೆ ಇಲ್ಲ. ಅಲ್ಲಿ ಇನ್ನೂ ಹುಷಾರಾಗಿರಬೇಕು.

ಇಂಗ್ಲೆಂಡಿನಲ್ಲಿ 2014ರ ಕಾನೂನಿನ ಪ್ರಕಾರ ಸರ್ಕಾರದ ಪಾಲನೆಯಲ್ಲಿರುವ ಮಕ್ಕಳ ಓದಿಗೆಂದೇ ಪ್ರತಿ ಸ್ಥಳೀಯ ಆಡಳಿತ ಒಬ್ಬ ಅಧಿಕಾರಿಯನ್ನು ಇಡಬೇಕು. ನಮ್ಮಲ್ಲಿ ಅಂಥ ಹುದ್ದೆ ಇಲ್ಲ. ಆದರೆ ಇಂಥ ಮಕ್ಕಳ ರಕ್ಷಣೆಗೂ ಇರುವ ಬಾಲನ್ಯಾಯ ಕಾಯ್ದೆಯಡಿ ಮಂದಿರದ ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಬರೆಯಲೇಬೇಕಲ್ವಾ? ಅದರಲ್ಲಿ ಶಿಕ್ಷಣದ ಕಾಲಮ್ಮೂ ಇದೆ. ‘ಓದುತ್ತಿದ್ದಾನೆ’ ಅಂತ ಒಂದು ಪದ ಗೀಚಿ ಬಿಡುವ ಬದಲು, ಶಾಲೆಯವರು ಕರೆದರೆ ಹೋಗುವವರು ಯಾರು ಅಂತ ಹೆಸರು ಬರೆಯಿರಿ. ಅಡ್ಮಿಷನ್ ದಿನವೇ ಅವರನ್ನು ಮೇಷ್ಟ್ರಿಗೆ ಪರಿಚಯ ಮಾಡಿಸಿ. ಮಗುವಿನ ಕೇಸಿನ ಕಥೆ ಶಾಲೆಗೆ ಬೇಕಿಲ್ಲ. “ಸೋಮವಾರ ಇವನು ಸ್ವಲ್ಪ ಸಿಡುಕುತ್ತಾನೆ, ಭಾನುವಾರ ಅಮ್ಮ ಬರ್ತೀನಿ ಅಂದು ಬರೋದಿಲ್ಲ” ಅನ್ನುವಷ್ಟು ಗೊತ್ತಿದ್ದರೆ ಸಾಕು.

ಆ ಹುಡುಗನ ಜೊತೆ ನಾಲ್ಕನೇ ದಿನ ನಮ್ಮ ಗೃಹಮಾತೆ ಹೋದರು. ಮೇಷ್ಟ್ರು ಕುರ್ಚಿ ಕೊಟ್ಟರು, ಹತ್ತು ನಿಮಿಷ ಮಾತಾಡಿದರು, ಅವನು ಕ್ಲಾಸಿಗೆ ಹೋದ. ತಂಗಿಯ ಭೇಟಿಯ ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಟ್ಟೆವು. ಚಿಕ್ಕಿ ಈಗಲೂ ಕೂಡಿಡುತ್ತಾನೆ. ಇರುವೆ ಬರುತ್ತವೆ ಅಂತ ಒಂದು ಡಬ್ಬಿ ಕೊಟ್ಟಿದ್ದೇವೆ.