ಸೂತ್ರ ಸರಿ, ಉತ್ತರ ತಪ್ಪು: ಬೆಸೆಲ್ ಲೆಕ್ಕ ತಿರುವುಮುರುವಾದ ಕಥೆ

ತಮಟೆಗೆ ಏಟು ಬಿದ್ದಾಗ ಚರ್ಮ ಹೇಗೆ ಅದುರುತ್ತದೆ? ಲೆಕ್ಕ ಹಾಕಲು ಹೊರಟರೆ ಬೆಸೆಲ್ ಫಂಕ್ಷನ್ ಅನ್ನುವ ಗಣಿತದ ಸೂತ್ರಗಳು ಎದುರಾಗುತ್ತವೆ. ಕೋನಿಗ್ಸ್‌ಬರ್ಗ್‌ನ ಖಗೋಳಜ್ಞ ಬೆಸೆಲ್ 1824ರಲ್ಲಿ ಗ್ರಹಗಳ ಚಲನೆಯ ಲೆಕ್ಕಕ್ಕಾಗಿ ಇವನ್ನು ವಿವರವಾಗಿ ಬರೆದಿಟ್ಟ. ಇವತ್ತು ಪೈಥಾನ್ ಅನ್ನುವ ಪ್ರೋಗ್ರಾಂ ಭಾಷೆಯಲ್ಲಿ ಒಂದು ಸಾಲು ಬರೆದರೆ ಬೆಲೆ ಬಂದುಬಿಡುತ್ತದೆ. ಆದರೆ ಒಳಗೆ ನಡೆಯುವ ಲೆಕ್ಕ ಅಷ್ಟು ಸಲೀಸಲ್ಲ.

ಜೆ0, ಜೆ1, ಜೆ2 ಅಂತ ಇವುಗಳದ್ದು ಉದ್ದ ಸಾಲು. ಎಕ್ಸ್ ಅನ್ನುವ ಒಂದು ಸಂಖ್ಯೆ ಕೊಟ್ಟರೆ ಪ್ರತಿಯೊಂದಕ್ಕೂ ಒಂದು ಬೆಲೆ ಬರುತ್ತದೆ. ಪಕ್ಕಪಕ್ಕದ ಎರಡು ಗೊತ್ತಿದ್ದರೆ ಮುಂದಿನದು ಸಿಗುತ್ತದೆ. ಎಕ್ಸ್ 1 ಆಗಿದ್ದರೆ ನಿಯಮ ತೀರಾ ಸುಲಭ: ಕೈಯಲ್ಲಿರುವ ಬೆಲೆಯನ್ನು ಅದರ ಕ್ರಮಸಂಖ್ಯೆಯ (ಜೆ2 ಆದರೆ 2) ಎರಡರಷ್ಟರಿಂದ ಗುಣಿಸಿ, ಹಿಂದಿನದನ್ನು ಕಳೆಯಿರಿ.

ನಾಲ್ಕು ದಶಾಂಶ ಇಟ್ಟುಕೊಂಡು ಮಾಡಿ ನೋಡೋಣ. ಜೆ0 ಅಂದರೆ 0.7652, ಜೆ1 ಅಂದರೆ 0.4401. ಮುಂದೆ 0.1150, 0.0199, 0.0044. ಜೆ5 ಬರುವುದು 0.0153. ನಿಜವಾದ ಬೆಲೆ ಸುಮಾರು 0.00025! ಅರವತ್ತು ಪಟ್ಟು ತಪ್ಪು. ಎಲ್ಲೂ ಕೂಡುವ ಕಳೆಯುವ ತಪ್ಪಿಲ್ಲ.

ಇದೇ ನಿಯಮಕ್ಕೆ ಒಗ್ಗುವ ಇನ್ನೊಂದು ಸಾಲೂ ಇದೆ. ಜೆ ಕುಗ್ಗುತ್ತಾ ಹೋದರೆ ಅದು ಉಬ್ಬುತ್ತಾ ಹೋಗುತ್ತದೆ. ನಾವು ದಶಾಂಶ ಕತ್ತರಿಸಿದಾಗ ಅದರ ಚೂರು ಸುಮ್ನೆ ಒಳಗೆ ಸೇರಿಕೊಳ್ಳುತ್ತದೆ. ಒಂದು ತೊಟ್ಟು ಹೆಪ್ಪು ಪಾತ್ರೆ ಹಾಲನ್ನೆಲ್ಲ ಮೊಸರು ಮಾಡುತ್ತದಲ್ವಾ, ಹಾಗೆ.

ಇದು ಕಂಪ್ಯೂಟರ್ ತಂದ ಕಾಟವಲ್ಲ, ಕೈಯಲ್ಲಿ ಕೋಷ್ಟಕ ಬರೆಯುತ್ತಿದ್ದವರನ್ನೂ ಕಾಡಿದ್ದು. ಅಂಥ ಕೋಷ್ಟಕಗಳಿಗಾಗಿ 1938ರಲ್ಲಿ ನ್ಯೂಯಾರ್ಕ್‌ನಲ್ಲಿ ನೂರಾರು ಜನರನ್ನು ಕೂರಿಸಿ ಲೆಕ್ಕ ಮಾಡಿಸಲು ಶುರುಮಾಡಿದ್ದರು.

ಪರಿಹಾರ ಅಚ್ಚಾದದ್ದು 1952ರಲ್ಲಿ, ಬ್ರಿಟಿಷ್ ಅಸೋಸಿಯೇಷನ್ ಅನ್ನುವ ವಿಜ್ಞಾನ ಸಂಘದ ಬೆಸೆಲ್ ಕೋಷ್ಟಕದ ಪುಸ್ತಕದಲ್ಲಿ. ಗಣಿತಜ್ಞ ಜೆ.ಸಿ.ಪಿ. ಮಿಲ್ಲರ್ ಅವರ ಉಪಾಯ ಅದು: ಹಿಂದಿನಿಂದ ಬನ್ನಿ. ಜೆ7 ಅನ್ನು 0 ಅನ್ನಿ, ಜೆ6 ಅನ್ನು 1 ಅನ್ನಿ. ಎರಡೂ ಹಸಿ ಸುಳ್ಳು, ಪರವಾಗಿಲ್ಲ. ನಿಯಮವನ್ನು ತಿರುಗಿಸಿ ಇಳಿದರೆ 12, 119, 940, 5521, 21144, 36767. ಜೆ0ಗೆ ಜೆ2, ಜೆ4, ಜೆ6ಗಳ ಎರಡರಷ್ಟನ್ನು ಕೂಡಿದರೆ 1 ಬರಲೇಬೇಕು. ಇಲ್ಲಿ ಬಂದದ್ದು 48049. ಎಲ್ಲವನ್ನೂ ಅದರಿಂದ ಭಾಗಿಸಿ. ಜೆ5 ಈಗ 0.00024975, ಜೆ0 0.765198. ಸುಳ್ಳಿನಿಂದ ಹೊರಟು ಇಷ್ಟು ಹತ್ತಿರ! ಇಳಿಯುವಾಗ ಆ ಹೆಪ್ಪಿನ ಪಾಲು ಕರಗುತ್ತಾ ಹೋಗುತ್ತದೆ, ಅಷ್ಟೇ.

ಎಲ್ಲ ಕಡೆ ಇದೇ ನಡೆಯುವುದಿಲ್ಲ. ಕ್ರಮಸಂಖ್ಯೆ ಎಕ್ಸ್‌ಗಿಂತ ಕಡಿಮೆ ಇರುವ ತನಕ ಮುಂದಕ್ಕೆ ಹೋದರೂ ಅಪಾಯ ಜಾಸ್ತಿ ಇಲ್ಲ. ಎಕ್ಸ್ ತುಂಬ ದೊಡ್ಡದಾದರೆ ಬೇರೆಯೇ ಸೂತ್ರ ಬೇಕು. 1986ರಲ್ಲಿ ಡೊನಾಲ್ಡ್ ಏಮಸ್ ಪ್ರಕಟಿಸಿದ ಫೋರ್ಟ್ರಾನ್ ಪ್ರೋಗ್ರಾಂ ಮೊದಲು ಎಕ್ಸ್ ಮತ್ತು ಕ್ರಮಸಂಖ್ಯೆ ನೋಡಿ, ಆಮೇಲೆ ದಾರಿ ಆರಿಸುತ್ತದೆ. ಪೈಥಾನ್‌ನಲ್ಲಿ ಇಂಥ ಲೆಕ್ಕಗಳಿಗಿರುವ ಸೈಪೈ ಅನ್ನುವ ಪ್ರೋಗ್ರಾಂ ಕಟ್ಟು ಬಹುಕಾಲ ನೆಚ್ಚಿಕೊಂಡಿದ್ದು ಅದನ್ನೇ. ಅದರಲ್ಲಿರುವ ದಾರಿಗಳಲ್ಲಿ ಮಿಲ್ಲರ್ ಅವರದೂ ಒಂದು.