ಹಸುವಿನ ಮೀಥೇನ್‌ಗೆ ಕೆಂಪು ಪಾಚಿ: ಎಷ್ಟು ಗ್ರಾಂ ಎಂದು ಕೇಳುವ ಮುನ್ನ

ಹಸು ತೇಗಿ ಗಾಳಿಗೆ ಬಿಡುವ, ಭೂಮಿಯನ್ನು ಬಿಸಿಮಾಡುವ ಮೀಥೇನ್ ಅನಿಲವನ್ನು ಇಳಿಸಲು ಅಸ್ಪರಗಾಪ್ಸಿಸ್ ಎಂಬ ಕೆಂಪು ಕಡಲ ಪಾಚಿಯನ್ನು ಮೇವಿಗೆ ದಿನಕ್ಕೆ ಎಷ್ಟು ಗ್ರಾಂ ಹಾಕಬೇಕು? ಚೀಲದ ಜೊತೆ ಬಂದ ಪರೀಕ್ಷಾ ವರದಿ ನೋಡದೆ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಏಕೆಂಬುದು ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

2019ರಲ್ಲಿ ಪ್ರಕಟವಾದ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಕರೆಯುವ ಹಸುಗಳಿಗೆ ಮೇವಿನ ಸಾವಯವ ಅಂಶದ (ನೀರು, ಬೂದಿ ಕಳೆದು ಉಳಿಯುವ ಭಾಗ) 1% ಪಾಚಿ ಕೊಟ್ಟಾಗ ಹಸುಗಳು ಬಿಡುವ ಒಟ್ಟು ಮೀಥೇನ್ 67% ಇಳಿಯಿತು. ಆದರೆ ಹಸುಗಳು ಮೇವನ್ನು 38% ಕಡಿಮೆ ತಿಂದವು, ಹಾಲು 11.6% ಕುಸಿಯಿತು. 2020ರಲ್ಲಿ ಆಸ್ಟ್ರೇಲಿಯಾದ ಪ್ರಯೋಗವೊಂದು ಮಾಂಸದ ಹೋರಿಗಳಿಗೆ ಬರೀ 0.2% ಕೊಟ್ಟು ಮೀಥೇನನ್ನು 98%ವರೆಗೆ ಇಳಿಸಿತು, ಮೇವು ತಿನ್ನುವುದಕ್ಕೆ ಧಕ್ಕೆಯಾಗಲಿಲ್ಲ. ಮೀಥೇನ್ ತಡೆಯುವುದು ಪಾಚಿಯಲ್ಲಿರುವ ಬ್ರೋಮೋಫಾರ್ಮ್ ಎಂಬ ರಾಸಾಯನಿಕ; ಮೊದಲಿನ ಪಾಚಿಯಲ್ಲಿ ಅದು ಗ್ರಾಂಗೆ 1.32 ಮಿಲಿಗ್ರಾಂ ಇತ್ತು, ಎರಡನೆಯದರಲ್ಲಿ 6.55. ಗುಣಿಸಿ ನೋಡಿ: ಒಂದು ಕಿಲೋ ಸಾವಯವ ಅಂಶಕ್ಕೆ ಎರಡೂ ಕಡೆ ಸುಮಾರು 13 ಮಿಲಿಗ್ರಾಂ! ಮದ್ದು ಎರಡರಲ್ಲೂ ಅಷ್ಟೇ, ಅದನ್ನು ಹೊತ್ತು ತಂದ ಉಪ್ಪು, ಅಯೋಡಿನ್, ಕಡಲ ವಾಸನೆ ಮಾತ್ರ ಮೊದಲಿನದರಲ್ಲಿ ಐದು ಪಟ್ಟು. ತಳಿ, ಪಾಚಿಯ ಜಾತಿ, ಮೇವಿನಲ್ಲಿ ಕಾಳಿನ ಪಾಲು ಎಲ್ಲವೂ ಬೇರೆ ಇದ್ದವು ನಿಜ, ಆದರೂ ಈ ಲೆಕ್ಕವನ್ನು ಮರೆಯುವಂತಿಲ್ಲ.

ಹಸುವಿನ ಮೊದಲ ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಹೈಡ್ರೋಜನ್ ಹುಟ್ಟುತ್ತದೆ. ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಅದನ್ನು ಇಂಗಾಲದ ಡೈಆಕ್ಸೈಡ್ ಜೊತೆ ಬೆಸೆದು ಮೀಥೇನ್ ಮಾಡುತ್ತವೆ, ಹಸು ತೇಗುತ್ತದೆ. ಮೇವಿನ ಒಟ್ಟು ಶಕ್ತಿಯಲ್ಲಿ 2ರಿಂದ 12% ಹೀಗೆ ಗಾಳಿಗೆ ಹೋಗುತ್ತದೆ. ಬ್ರೋಮೋಫಾರ್ಮ್ ಮೀಥೇನ್ ತಯಾರಿಯ ಕೊನೆಯ ಹೆಜ್ಜೆಗಳ ಕಿಣ್ವಗಳನ್ನು ತಡೆಯುತ್ತದೆ. ಉಳಿದ ಹೈಡ್ರೋಜನ್‌ನಲ್ಲಿ ಒಂದಿಷ್ಟು ಪ್ರೊಪಿಯೊನೇಟ್ (ಹಸು ಶಕ್ತಿಗೆ ಬಳಸುವ ಆಮ್ಲ) ಆಗಿ ಹಸುವಿಗೆ ದಕ್ಕುತ್ತದೆ, ಒಂದಿಷ್ಟು ಹಾಗೆಯೇ ಉಸಿರಲ್ಲಿ ಹೋಗುತ್ತದೆ. ಹಾಗಾಗಿ ಮೀಥೇನ್ ನಿಂತ ಮಾತ್ರಕ್ಕೆ ಹಾಲು ಅದೇ ಪ್ರಮಾಣದಲ್ಲಿ ಏರುತ್ತದೆ ಎಂದು ಮಾರುವವರು ಹೇಳಿದರೆ ನಂಬಬೇಡಿ.

ಈಗ ಲೆಕ್ಕಕ್ಕೆ ಬರೋಣ. ದಿನಕ್ಕೆ 20 ಕಿಲೋ ಒಣ ಅಂಶ (ನೀರು ಕಳೆದ ಮೇವು) ತಿನ್ನುವ ಹಸು. ಬೂದಿ 8% ಕಳೆದರೆ ಸಾವಯವ ಅಂಶ 18.4 ಕಿಲೋ. 0.2% ಎಂದರೆ ಸುಮಾರು 37 ಗ್ರಾಂ ಒಣ ಪಾಚಿ. ಗ್ರಾಂಗೆ 6 ಮಿಲಿಗ್ರಾಂ ಇರುವ ಮಾಲಾದರೆ ಹಸುವಿಗೆ 220 ಮಿಲಿಗ್ರಾಂ ಬ್ರೋಮೋಫಾರ್ಮ್ ಹೋಗುತ್ತದೆ. ಮುಂದಿನ ಚೀಲದಲ್ಲಿ 3 ಮಾತ್ರ ಇದ್ದರೆ ಅದೇ ಪರಿಣಾಮಕ್ಕೆ 74 ಗ್ರಾಂ ಬೇಕು. ಹಾಗೆಂದು ಕಣ್ಣುಮುಚ್ಚಿ ದುಪ್ಪಟ್ಟು ಮಾಡಬೇಡಿ, ಅಯೋಡಿನ್ ಅಡ್ಡ ಬರುತ್ತದೆ. ಗ್ರಾಂಗೆ 10 ಮಿಲಿಗ್ರಾಂ ಅಯೋಡಿನ್ ಇರುವ ಪಾಚಿಯಾದರೆ 37 ಗ್ರಾಂನಲ್ಲೇ 370 ಮಿಲಿಗ್ರಾಂ, ಅಂದರೆ ಮೇವಿನ ಕಿಲೋಗೆ 18ಕ್ಕೂ ಹೆಚ್ಚು. ಐರೋಪ್ಯ ಒಕ್ಕೂಟ ಹಾಲಿನ ಹಸುಗಳ ಮೇವಿಗೆ ಇಟ್ಟಿರುವ ಮಿತಿ ಕಿಲೋಗೆ 5 ಮಿಲಿಗ್ರಾಂ. ಮಿತಿ ಮೀರಿದ ಅಯೋಡಿನ್‌ನಲ್ಲಿ ಒಂದು ಪಾಲು ಹಾಲಿಗೆ ಇಳಿಯುತ್ತದೆ, ಮಕ್ಕಳು ಕುಡಿಯುವ ಹಾಲಿಗೆ. ಖನಿಜ ಮಿಶ್ರಣದಲ್ಲಿರುವ ಅಯೋಡಿನ್ ತೆಗೆಸುವುದು ಮೊದಲ ಕೆಲಸ. ಅದರಿಂದಲೂ ಸಾಲದಿದ್ದರೆ ಆ ಪಾಚಿಯೇ ಬೇಡ.

ಬ್ರೋಮೋಫಾರ್ಮ್ ಆವಿಯಾಗುವ ವಸ್ತು. ಬಿಸಿಲಲ್ಲಿ ಒಣಗಿಸಿದ ಪಾಚಿ ಬಣ್ಣದಲ್ಲಿ ಚೆನ್ನಾಗಿ ಕಂಡರೂ ಸತ್ವ ಹಾರಿಹೋಗಿರುತ್ತದೆ. ಕೊಯ್ದ ಕೂಡಲೇ ಹೆಪ್ಪುಗಟ್ಟಿಸಿ, ಆ ಸ್ಥಿತಿಯಲ್ಲೇ ನೀರು ತೆಗೆದ ಪುಡಿ, ಇಲ್ಲವೇ ಅಡುಗೆ ಎಣ್ಣೆಯಲ್ಲಿ ನೆನೆಸಿಟ್ಟದ್ದು ಕೊಳ್ಳಿ. ಎಣ್ಣೆಯದು ಹೆಚ್ಚು ದಿನ ಬಾಳುತ್ತದೆ, ಧೂಳೂ ಏಳುವುದಿಲ್ಲ. ಪುಡಿಯ ಚೀಲ ಬಿಚ್ಚಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ, ತಣ್ಣಗೆ, ಕತ್ತಲಲ್ಲಿ ಇಡಿ. ಮೇವನ್ನು ಒತ್ತಿ ಗುಳಿಗೆ (ಪೆಲೆಟ್) ಮಾಡುವ ಬಿಸಿ ಹಬೆಯ ಯಂತ್ರಕ್ಕೆ ಹಾಕಿದರೆ ಸತ್ವ ಅಲ್ಲೇ ಕಡಿಮೆಯಾಗುತ್ತದೆ. ತಿಂಗಳಾದ ಮಾಲನ್ನು ಮತ್ತೆ ಪರೀಕ್ಷೆಗೆ ಕಳಿಸಿ.

ಇಡೀ ದಿನದ ಮೇವಿನಲ್ಲಿ ಬೆರೆಸುವುದೇ ಸರಿ. ಬೆಳಿಗ್ಗೆ ಒಂದು ಹಿಡಿ ಮೇಲೆ ಉದುರಿಸಿದರೆ ಗಟ್ಟಿ ಹಸು ಎರಡರ ಪಾಲು ತಿನ್ನುತ್ತದೆ, ಅಂಜುಬುರುಕ ಹಸು ಮೂತಿಯಿಂದ ಪುಡಿ ಪಕ್ಕಕ್ಕೆ ತಳ್ಳುತ್ತದೆ. ಜೊತೆಗೆ ಬ್ರೋಮೋಫಾರ್ಮ್ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಆರ್ಕಿಯಾ ಮತ್ತೆ ಕೆಲಸಕ್ಕೆ ಇಳಿಯುತ್ತವೆ. ಮೇಯಲು ಬಿಟ್ಟ ಹೋರಿಗಳಿಗೆ ಪಾಚಿ ಸೇರಿಸಿದ ಪೆಲೆಟ್ ಕೊಟ್ಟ ಒಂದು ಪ್ರಯೋಗದಲ್ಲಿ ಇಳಿಕೆ ಸುಮಾರು 38% ಮಾತ್ರ ಸಿಕ್ಕಿತು. ಮೊದಲ ವಾರ ಕಾಲು ಭಾಗ, ಎರಡನೇ ವಾರ ಅರ್ಧ, ಹೀಗೆ ಏರಿಸಿ. ಪುಡಿಯಾದರೆ ಕಾಕಂಬಿ ನೀರಲ್ಲಿ ಕಲಸಿ ಮೇವಿಗೆ ಹಿಡಿಸಿ.

ಗೋದಲಿಯಲ್ಲಿ ಉಳಿದದ್ದನ್ನು ದಿನವೂ ತೂಗಿ. ಮೂರು ದಿನ ಸತತ ಸೇವನೆ ಇಳಿದರೆ ಹಿಂದಿನ ಮಟ್ಟಕ್ಕೆ ಬನ್ನಿ. ನೆದರ್‌ಲ್ಯಾಂಡ್ಸ್‌ನ 2021ರ ಅಧ್ಯಯನದಲ್ಲಿ ಹಸುಗಳು ಮೇವು ನಿರಾಕರಿಸಿದವು, ಹಾಲು ಮತ್ತು ಮೂತ್ರದಲ್ಲಿ ಬ್ರೋಮೋಫಾರ್ಮ್ ಕಾಣಿಸಿತು, ಕಡಿದ ಎರಡು ಹಸುಗಳ ಮೊದಲ ಹೊಟ್ಟೆಯ ಒಳಗೋಡೆಯಲ್ಲಿ ವಿಕಾರವಿತ್ತು. ಆದ್ದರಿಂದ ಪಾಚಿ ಶುರುಮಾಡುವ ಮುಂಚೆ ಒಮ್ಮೆ, ಪೂರ್ಣ ಪ್ರಮಾಣಕ್ಕೆ ಬಂದ ಮೇಲೆ ಮತ್ತೊಮ್ಮೆ ಹಾಲಿನ ಮಾದರಿ ಕಳಿಸಿ, ಅಯೋಡಿನ್ ಮತ್ತು ಬ್ರೋಮೋಫಾರ್ಮ್ ಎರಡನ್ನೂ ನೋಡಿಸಿ.